ಮನೆತನವಿಲ್ಲದ ದೊಡ್ಡ ಕಂಪನಿ: ಎಲ್ ಅಂಡ್ ಟಿ ಏನು ಮಾಡುತ್ತದೆ, ಏನೇನು ಬಿಟ್ಟುಕೊಟ್ಟಿದೆ

ಭಾರತದಲ್ಲಿ ದೊಡ್ಡ ಉದ್ಯಮ ಸಮೂಹ ಅಂದರೆ ಸಾಕು, ಟಾಟಾ, ಬಿರ್ಲಾ, ಅಂಬಾನಿ, ಅದಾನಿ ಅಂತ ಮನೆತನಗಳ ಹೆಸರೇ ಮೊದಲು ಬಾಯಿಗೆ ಬರುತ್ತವೆ. ಕಂಪನಿ ಯಾರದ್ದು, ಮಗ ಯಾರು, ಮುಂದೆ ಯಾರ ಕೈಗೆ ಹೋಗುತ್ತದೆ, ಇದೇ ಮಾತು. ಲಾರ್ಸನ್ ಅಂಡ್ ಟೂಬ್ರೊ, ಅಂದರೆ ನಾವೆಲ್ಲ ಎಲ್ ಅಂಡ್ ಟಿ ಅನ್ನುವ ಕಂಪನಿಗೆ ಈ ಪ್ರಶ್ನೆ ಕೇಳಿದರೆ ಒಬ್ಬರ ಹೆಸರು ಹೇಳೋಕೆ ಆಗುವುದಿಲ್ಲ. ಕಂಪನಿಯ ಹೆಸರಲ್ಲಿ ಇಬ್ಬರು ಮನುಷ್ಯರಿದ್ದಾರೆ, ನಿಜ. ಆದರೆ ಅವರ ಮಕ್ಕಳು ಮೊಮ್ಮಕ್ಕಳು ಯಾರೂ ಅದನ್ನು ನಡೆಸುತ್ತಿಲ್ಲ. ಷೇರುಪೇಟೆಗೆ ಮೂರು ತಿಂಗಳಿಗೊಮ್ಮೆ ಕೊಡುವ ಷೇರುದಾರರ ಪಟ್ಟಿಯಲ್ಲಿ 'ಪ್ರಮೋಟರ್', ಅಂದರೆ ಕಂಪನಿಯನ್ನು ಹಿಡಿತದಲ್ಲಿಟ್ಟುಕೊಂಡ ಮೂಲ ಮಾಲೀಕರು ಅನ್ನುವ ಸಾಲಿನಲ್ಲಿ ಸೊನ್ನೆ ಇರುತ್ತದೆ. ಎಲ್‌ಐಸಿ, ಮ್ಯೂಚುವಲ್ ಫಂಡ್‌ಗಳು, ವಿದೇಶಿ ಹೂಡಿಕೆದಾರರು, ಲಕ್ಷಾಂತರ ಸಾಮಾನ್ಯ ಷೇರುದಾರರು, ಇವರ ಜೊತೆಗೆ ಸುಮಾರು ಶೇ 14ರಷ್ಟು ಪಾಲು ಹಿಡಿದ ನೌಕರರ ಟ್ರಸ್ಟ್. ಇಷ್ಟೇ ಮಾಲೀಕರು.

ನನಗೆ ಈ ಕಂಪನಿಯ ಬಗ್ಗೆ ಆಸಕ್ತಿ ಹುಟ್ಟಿದ್ದೇ ಆ ಸೊನ್ನೆಯಿಂದ. ಅದು ಅಲ್ಲಿ ಸುಮ್ನೆ ಬಂದು ಕೂತಿಲ್ಲ. ಎರಡು ಸಲ ದೊಡ್ಡ ಮನೆತನಗಳು ಕಂಪನಿಯ ಬಾಗಿಲಿಗೆ ಬಂದು, ಎರಡು ಸಲವೂ ಕೈಗೆ ಸಿಗದೆ ಹೋಗಿ ಉಳಿದ ಸೊನ್ನೆ ಅದು. ಎಲ್ ಅಂಡ್ ಟಿ ಇವತ್ತು ಯಾವ ವ್ಯಾಪಾರದಲ್ಲಿದೆ, ಯಾವುದರಲ್ಲಿ ಇಲ್ಲ ಅನ್ನುವುದು ಅರ್ಥವಾಗಬೇಕಾದರೆ ಆ ಕಥೆ ಗೊತ್ತಿರಬೇಕು.

ಮೊದಲು ಗಾತ್ರ ಹೇಳಿಬಿಡುತ್ತೇನೆ. 2024-25ರಲ್ಲಿ ಸಮೂಹದ ಒಟ್ಟು ಆದಾಯ ಸುಮಾರು 2.55 ಲಕ್ಷ ಕೋಟಿ ರೂಪಾಯಿ, ಲಾಭ ಸುಮಾರು 15,000 ಕೋಟಿ. ಕೈಯಲ್ಲಿ ಒಪ್ಪಿಕೊಂಡಿರುವ, ಇನ್ನೂ ಮುಗಿಸಬೇಕಾದ ಕೆಲಸ 2025ರ ಮಾರ್ಚ್ ಕೊನೆಗೆ ಸುಮಾರು 5.79 ಲಕ್ಷ ಕೋಟಿ. ಅಂದರೆ ಹೊಸದಾಗಿ ಒಂದು ಆರ್ಡರ್ ಕೂಡ ಬರದಿದ್ದರೂ ಎರಡು ವರ್ಷಕ್ಕಿಂತ ಜಾಸ್ತಿ ಕೆಲಸ ಇದೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ವಿದೇಶದ್ದು, ಮುಖ್ಯವಾಗಿ ಸೌದಿ ಮತ್ತು ಅಕ್ಕಪಕ್ಕದ ಕೊಲ್ಲಿ ದೇಶಗಳದ್ದು.

ಶುರುವಾಗಿದ್ದು ಮಾತ್ರ ತೀರಾ ಚಿಕ್ಕದಾಗಿ. ಹೆನ್ನಿಂಗ್ ಹಾಲ್ಕ್-ಲಾರ್ಸನ್ ಮತ್ತು ಸೋರೆನ್ ಕ್ರಿಸ್ಟಿಯನ್ ಟೂಬ್ರೊ, ಇಬ್ಬರೂ ಡೆನ್ಮಾರ್ಕ್‌ನ ಎಂಜಿನಿಯರುಗಳು. ಎಫ್.ಎಲ್. ಸ್ಮಿತ್ ಅನ್ನುವ ಸಿಮೆಂಟ್ ಯಂತ್ರಗಳ ಕಂಪನಿಯ ಕೆಲಸದ ಮೇಲೆ 1930ರ ದಶಕದಲ್ಲಿ ಇಂಡಿಯಾಗೆ ಬಂದವರು. ಟೂಬ್ರೊ ಕೊಯಮತ್ತೂರು ಹತ್ತಿರದ ಮಧುಕ್ಕರೈನ ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರ ಕೂರಿಸುವ ಕೆಲಸ ಮಾಡಿದ್ದರು. 1938ರಲ್ಲಿ ಇಬ್ಬರೂ ಸೇರಿ ಮುಂಬೈಯಲ್ಲಿ ಪಾಲುದಾರಿಕೆ ಶುರು ಮಾಡಿದರು. ಆಫೀಸು ಎಷ್ಟು ಇಕ್ಕಟ್ಟಾಗಿತ್ತು ಅಂದರೆ ಒಂದು ಸಲಕ್ಕೆ ಒಬ್ಬರು ಮಾತ್ರ ಕೂತು ಕೆಲಸ ಮಾಡಬಹುದಿತ್ತು ಅಂತ ಕಂಪನಿಯೇ ತನ್ನ ಇತಿಹಾಸದಲ್ಲಿ ಹೇಳಿಕೊಂಡಿದೆ. ಡೆನ್ಮಾರ್ಕ್‌ನಿಂದ ಡೇರಿ ಯಂತ್ರ ತರಿಸಿ ಇಲ್ಲಿ ಮಾರುವುದು, ಅಷ್ಟೇ ವ್ಯಾಪಾರ.

1940ರ ಏಪ್ರಿಲ್‌ನಲ್ಲಿ ಜರ್ಮನಿ ಡೆನ್ಮಾರ್ಕ್ ಮೇಲೆ ದಾಳಿ ಮಾಡಿತು. ಸರಕು ಬರುವುದೇ ನಿಂತುಹೋಯಿತು. ಬೇರೆ ಏಜೆಂಟರಾಗಿದ್ದರೆ ಅಂಗಡಿ ಮುಚ್ಚುತ್ತಿದ್ದರೇನೋ. ಇವರು ಒಂದು ಸಣ್ಣ ವರ್ಕ್‌ಶಾಪ್ ಹಾಕಿ ಆ ಯಂತ್ರಗಳನ್ನು ಇಲ್ಲೇ ಮಾಡೋಕೆ ಶುರು ಮಾಡಿದರು. ಅದೇ ಹೊತ್ತಿಗೆ ಟಾಟಾದವರ ಸೋಡಾ ಆ್ಯಶ್ ಘಟಕ ಕಟ್ಟಬೇಕಿದ್ದ ಜರ್ಮನ್ ಎಂಜಿನಿಯರುಗಳನ್ನು ಬ್ರಿಟಿಷರು ಸೆರೆಯಲ್ಲಿಟ್ಟಾಗ, ಆ ಕೆಲಸ ಇವರ ಪಾಲಿಗೆ ಬಂತು. ಯಂತ್ರ ಮಾರುವವರು ಹೀಗೆ ಯಂತ್ರ ಮಾಡುವವರಾದರು, ಆಮೇಲೆ ಕಾರ್ಖಾನೆ ನಿಲ್ಲಿಸಿಕೊಡುವವರಾದರು. ಯುದ್ಧದ ಕಾಲದಲ್ಲಿ ಹಡಗು ರಿಪೇರಿಯೂ ಸೇರಿತು. 1944ರಲ್ಲಿ ಕಟ್ಟಡ ಕಾಮಗಾರಿಗೆ ಅಂತ ಇಸಿಸಿ ಅನ್ನುವ ಬೇರೆ ಸಂಸ್ಥೆ ಹುಟ್ಟಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಕ್ಯಾಟರ್‌ಪಿಲ್ಲರ್ ಯಂತ್ರಗಳು ಕಮ್ಮಿ ಬೆಲೆಗೆ ಸಿಗುತ್ತಿದ್ದವು. ಅವನ್ನು ಕೊಳ್ಳೋಕೆ ಬಂಡವಾಳ ಬೇಕಾಯಿತು, ಅದಕ್ಕೆ 1946ರ ಫೆಬ್ರವರಿಯಲ್ಲಿ ಕಂಪನಿಯಾಗಿ ನೋಂದಾಯಿಸಿದರು. 1950ರಲ್ಲಿ ಅದು ಪಬ್ಲಿಕ್ ಕಂಪನಿಯಾಯಿತು.

ಹೊರಗಿನಿಂದ ಬರುವುದು ನಿಂತಾಗ ಒಳಗೇ ಮಾಡುವುದು ಅನ್ನುವ ಈ ಅಭ್ಯಾಸ ಕಂಪನಿಗೆ ಅಂಟಿಕೊಂಡುಬಿಟ್ಟಿತು ಅಂತ ನನಗನ್ನಿಸುತ್ತದೆ. ಅಣುಶಕ್ತಿ, ಬಾಹ್ಯಾಕಾಶ, ಜಲಾಂತರ್ಗಾಮಿ, ಈ ಮೂರರಲ್ಲೂ ವಿದೇಶದಿಂದ ಸಿಗದ ಭಾಗಗಳನ್ನು ಇಲ್ಲೇ ಮಾಡಿಕೊಡುವ ಕೆಲಸ ಎಲ್ ಅಂಡ್ ಟಿಗೆ ಬಂತು. ಹೋಮಿ ಭಾಭಾ ರಿಯಾಕ್ಟರಿನ ಭಾಗಗಳಿಗಾಗಿ ಇವರನ್ನು ಕೇಳಿದ್ದರು. ಇಸ್ರೊ ಜೊತೆಗಿನ ನಂಟು 1970ರ ದಶಕದಿಂದ ಇದೆ. ಚಂದ್ರಯಾನ-3 ಹೊತ್ತ ರಾಕೆಟ್‌ನ ಎರಡೂ ಪಕ್ಕಗಳಲ್ಲಿ ದಪ್ಪನೆಯ ಬೂಸ್ಟರುಗಳಿದ್ದವಲ್ಲ, ಎಸ್200 ಅಂತ, 3.2 ಮೀಟರ್ ಅಡ್ಡಗಲದವು, ಅವುಗಳ ಉಕ್ಕಿನ ಹೊರಮೈ ಭಾಗಗಳು ಮುಂಬೈಯ ಪೊವೈ ಕಾರ್ಖಾನೆಯಲ್ಲಿ ತಯಾರಾದವು. ಆ ಪೊವೈ ಜಾಗವನ್ನು 1948ರಲ್ಲಿ ಕೊಂಡಾಗ ಅದು ಬರೀ ಜೌಗು ಮತ್ತು ಕಾಡು. ಐಎನ್‌ಎಸ್ ಅರಿಹಂತ್‌ನ ಹೊರಕವಚದ ಭಾಗಗಳು ಸೂರತ್ ಹತ್ತಿರದ ಹಜೀರಾದಲ್ಲಿ ತಯಾರಾಗಿ ವಿಶಾಖಪಟ್ಟಣಕ್ಕೆ ಹೋದವು. 2009ರ ಜುಲೈಯಲ್ಲಿ ಆ ಜಲಾಂತರ್ಗಾಮಿಯನ್ನು ನೀರಿಗಿಳಿಸುವ ತನಕ ಈ ಕೆಲಸದ ಬಗ್ಗೆ ಹೊರಗೆ ಹೆಚ್ಚು ಮಾತಿರಲಿಲ್ಲ.

ಹಜೀರಾದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಈ ಸಮೂಹದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಅದು. ತೈಲ ಶುದ್ಧೀಕರಣ ಘಟಕಗಳಲ್ಲಿ ಹೈಡ್ರೋಕ್ರ್ಯಾಕರ್ ರಿಯಾಕ್ಟರ್ ಅಂತ ಇರುತ್ತದೆ. ಕಚ್ಚಾತೈಲದ ಮಂದವಾದ ಭಾಗವನ್ನು ಹೈಡ್ರೋಜನ್ ಜೊತೆ ವಿಪರೀತ ಒತ್ತಡದಲ್ಲಿ ಕಾಯಿಸಿ, ಒಡೆದು, ಡೀಸೆಲ್‌ನಂಥ ಹಗುರ ಇಂಧನ ಮಾಡುವ ಪಾತ್ರೆ. ಆ ಒತ್ತಡ ತಡೆಯಬೇಕು ಅಂದರೆ ಗೋಡೆ ದಪ್ಪ ಇರಬೇಕು. ಒಂದು ಅಡಿಯ ಹತ್ತಿರಕ್ಕೆ ಹೋಗುವ ದಪ್ಪದ ಉಕ್ಕು. ಅಂಥ ಉಕ್ಕಿನ ಬಳೆಗಳನ್ನು ಒಂದರ ಪಕ್ಕ ಒಂದು ಇಟ್ಟು ಬೆಸುಗೆ ಹಾಕಬೇಕು. ಬೆಸುಗೆಯ ತಲೆ ಒಂದೇ ಕಡೆ ನಿಂತಿರುತ್ತದೆ, ಕೆಳಗೆ ರೋಲರುಗಳ ಮೇಲೆ ನೂರಾರು ಟನ್ ತೂಕದ ಬಳೆ ನಿಧಾನಕ್ಕೆ ತಿರುಗುತ್ತಾ ಇರುತ್ತದೆ. ನಾವು ರಸ್ತೆ ಬದಿಯಲ್ಲಿ ನೋಡುವ ವೆಲ್ಡಿಂಗ್‌ನ ಹಾಗೆ ಕಣ್ಣು ಕುಕ್ಕುವ ಬೆಳಕೂ ಇಲ್ಲ, ಕಿಡಿಯೂ ಇಲ್ಲ. ಪುಡಿಯಂಥ ಫ್ಲಕ್ಸ್ ಸುರಿದು ಅದರ ಅಡಿಯಲ್ಲೇ ಲೋಹ ಕರಗುತ್ತದೆ. ಒಂದು ಪದರ, ಅದರ ಮೇಲೆ ಇನ್ನೊಂದು, ಹೀಗೆ ಆ ಸಂದು ತುಂಬೋಕೆ ದಿನಗಟ್ಟಲೆ ಹಿಡಿಯುತ್ತದೆ.

ಆ ದಿನಗಳಲ್ಲಿ ಲೋಹ ಆರಲೇಬಾರದು. ಬೆಸುಗೆಯೊಳಗೆ ಸಿಕ್ಕಿಕೊಂಡ ಹೈಡ್ರೋಜನ್ ಲೋಹ ತಣ್ಣಗಾದ ಮೇಲೆ ಗಂಟೆಗಳ ನಂತರ ಒಳಗೊಳಗೇ ಬಿರುಕು ಬಿಡಿಸುತ್ತದೆ, ಹೊರಗೆ ನೋಡಿದರೆ ಏನೂ ಕಾಣುವುದಿಲ್ಲ. ಅದಕ್ಕೆ ಕೆಳಗಿಂದ ಬರ್ನರ್ ಹಚ್ಚಿ ಬಿಸಿ ಉಳಿಸಿಕೊಂಡೇ ಕೆಲಸ ಮಾಡಬೇಕು, ಮುಗಿದ ಮೇಲೂ ಬಿಸಿ ಇಟ್ಟು ಆ ಹೈಡ್ರೋಜನ್ ಹೊರಗೆ ಹೋಗೋಕೆ ಬಿಡಬೇಕು. ಒಳಮೈಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನ ಪದರ ಕೂರಿಸಬೇಕು. ಆಮೇಲೆ ಕುಲುಮೆಯಲ್ಲಿ ಕಾಯಿಸಿ ಉಕ್ಕಿನೊಳಗಿನ ಬಿಗಿತ ಇಳಿಸಬೇಕು. ಅಲ್ಟ್ರಾಸೌಂಡ್ ಹಾಕಿ ಇಂಚು ಇಂಚೂ ನೋಡಬೇಕು. ಇಷ್ಟಾದ ಮೇಲೆ ಅಷ್ಟು ದೊಡ್ಡ ಪಾತ್ರೆಯನ್ನು ಸಾಗಿಸುವುದು ಹೇಗೆ? ನಮ್ಮ ಹೆಚ್ಚಿನ ರಸ್ತೆ ಸೇತುವೆಗಳು ಅದನ್ನು ಹೊರುವುದಿಲ್ಲ. ಹಜೀರಾ ಕಾರ್ಖಾನೆ ತಾಪಿ ನದಿ ಸಮುದ್ರ ಸೇರುವ ಜಾಗದ ಹತ್ತಿರ ಇರುವುದೇ ಅದಕ್ಕೆ. ಕಾರ್ಖಾನೆಯಿಂದ ಸೀದಾ ಜೆಟ್ಟಿ, ಜೆಟ್ಟಿಯಿಂದ ಬಾರ್ಜ್, ಅಲ್ಲಿಂದ ಲೋಕದ ಯಾವ ಮೂಲೆಗಾದರೂ.

ಇದೇ ಕೈಗಳು ಫ್ರಾನ್ಸ್‌ನ ಕಡಾರಾಶ್‌ನಲ್ಲಿ ಕಟ್ಟುತ್ತಿರುವ ಐಟಿಇಆರ್ ಅನ್ನುವ, ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಳನ (ಫ್ಯೂಷನ್) ರಿಯಾಕ್ಟರಿಗೆ ಕ್ರಯೋಸ್ಟಾಟ್ ಮಾಡಿಕೊಟ್ಟಿವೆ. ಸುಮಾರು 29 ಮೀಟರ್ ಅಗಲ, ಅಷ್ಟೇ ಎತ್ತರ, 3,850 ಟನ್ ತೂಕದ ಉಕ್ಕಿನ ಡಬ್ಬಿ. ಒಳಗಿನ ಅಯಸ್ಕಾಂತಗಳನ್ನು ಮೈನಸ್ 269 ಡಿಗ್ರಿಯಲ್ಲಿ ಇಡಬೇಕು, ಅದಕ್ಕೆ ಸುತ್ತ ನಿರ್ವಾತ ಬೇಕು, ಆ ನಿರ್ವಾತವನ್ನು ಹಿಡಿದಿಡುವುದು ಈ ಡಬ್ಬಿ. ತುಂಡು ತುಂಡಾಗಿ ಹಜೀರಾದಲ್ಲಿ ಮಾಡಿ, ಹಡಗಿನಲ್ಲಿ ಕಳಿಸಿ, ಅಲ್ಲೇ ಒಂದು ವರ್ಕ್‌ಶಾಪ್ ಹಾಕಿ ಜೋಡಿಸಿದರು. ಕೊನೆಯ ಭಾಗಗಳು ಹೊರಟಿದ್ದು 2020ರ ಜೂನ್ ಕೊನೆಗೆ, ಕೊರೊನಾ ಮಧ್ಯೆ. ನಮ್ಮ ಶಾಲೆ ಪುಸ್ತಕಗಳಲ್ಲಿ ಇಂಥದ್ದು ಒಂದು ಪುಟವಾದರೂ ಬರಬೇಕು.

ಈಗ ಆ ಸೊನ್ನೆಯ ಕಥೆಗೆ ಬರೋಣ. ಸ್ಥಾಪಕರಲ್ಲಿ ಟೂಬ್ರೊ 1962ರಲ್ಲಿ ಕೆಲಸದಿಂದ ನಿವೃತ್ತರಾದರು, ಹಾಲ್ಕ್-ಲಾರ್ಸನ್ 1978ರವರೆಗೆ ಅಧ್ಯಕ್ಷರಾಗಿದ್ದರು. ಅಷ್ಟೊತ್ತಿಗೆ ಷೇರುಗಳು ಎಲ್ಲೆಲ್ಲೋ ಚೆದುರಿದ್ದವು, ದೊಡ್ಡ ಪಾಲು ಸರ್ಕಾರಿ ಹಣಕಾಸು ಸಂಸ್ಥೆಗಳ ಕೈಯಲ್ಲಿತ್ತು. ಕಾವಲಿಲ್ಲದ ತೋಟದಂತೆ ಕಂಡಿರಬೇಕು ಹೊರಗಿನವರಿಗೆ. 1980ರ ದಶಕದ ಕೊನೆಗೆ ದುಬೈ ಉದ್ಯಮಿ ಮನು ಛಾಬ್ರಿಯಾ ಷೇರು ಕೂಡಿಸೋಕೆ ಶುರು ಮಾಡಿದಾಗ ಆಡಳಿತ ಹೆದರಿ ಧೀರೂಭಾಯಿ ಅಂಬಾನಿಯವರ ನೆರವು ಪಡೆಯಿತು. ಕಾಪಾಡೋಕೆ ಬಂದವರೇ 1989ರ ಏಪ್ರಿಲ್‌ನಲ್ಲಿ ಅಧ್ಯಕ್ಷರಾದರು. ಸರ್ಕಾರಿ ಸಂಸ್ಥೆಗಳ ಷೇರು ಯಾವ ದಾರಿಯಲ್ಲಿ ರಿಲಯನ್ಸ್ ಕಡೆಗೆ ಹೋಯಿತು ಅನ್ನುವುದು ಕೋರ್ಟ್ ಮೆಟ್ಟಿಲೇರಿತು. ಎಲ್ ಅಂಡ್ ಟಿ ಡಿಬೆಂಚರ್, ಅಂದರೆ ಸಾಲಪತ್ರಗಳ ಮೂಲಕ ಎತ್ತುವ ಹಣ ರಿಲಯನ್ಸ್ ಯೋಜನೆಗಳಿಗೆ ಹೋಗುತ್ತದೆ ಅನ್ನುವ ಆಕ್ಷೇಪವೂ ಬಂತು. ದೆಹಲಿಯಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಂದ ಮೇಲೆ ಗಾಳಿ ತಿರುಗಿತು. 1990ರಲ್ಲಿ ಧೀರೂಭಾಯಿ ಕುರ್ಚಿ ಬಿಟ್ಟರು. ಷೇರು ಮಾತ್ರ ಇಟ್ಟುಕೊಂಡರು.

ಹನ್ನೊಂದು ವರ್ಷ ಆ ಷೇರು ಹಾಗೇ ಇತ್ತು. 2001ರ ನವೆಂಬರ್‌ನಲ್ಲಿ ರಿಲಯನ್ಸ್ ತನ್ನ ಶೇ 10ರಷ್ಟು ಪಾಲನ್ನು ಕುಮಾರ ಮಂಗಲಂ ಬಿರ್ಲಾ ಅವರ ಗ್ರಾಸಿಮ್‌ಗೆ ಮಾರಿತು. ಒಂದು ಷೇರಿಗೆ 306 ರೂಪಾಯಿ 60 ಪೈಸೆ, ಪೇಟೆಯ ಬೆಲೆಗಿಂತ ತುಂಬಾ ಜಾಸ್ತಿ. ಬಿರ್ಲಾ ಅವರಿಗೆ ಬೇಕಿದ್ದದ್ದು ಸಿಮೆಂಟ್. ಎಲ್ ಅಂಡ್ ಟಿ 1980ರ ದಶಕದಿಂದ ಸಿಮೆಂಟ್ ಮಾಡುತ್ತಿತ್ತು, ಆ ಹೊತ್ತಿಗೆ ದೇಶದ ದೊಡ್ಡ ಸಿಮೆಂಟ್ ಕಂಪನಿಗಳಲ್ಲಿ ಒಂದಾಗಿತ್ತು. ಗ್ರಾಸಿಮ್ ಇನ್ನಷ್ಟು ಷೇರು ಕೊಂಡಿತು. ಮತ್ತೆ ಅದೇ ಭಯ, ಒಂದು ಮನೆತನದ ಕೈಗೆ ಹೋಗುತ್ತೇವಾ ಅಂತ.

ಆಗ ಮುಂದೆ ನಿಂತವರು ಎ.ಎಂ. ನಾಯ್ಕ್. ಗುಜರಾತಿನ ಹಳ್ಳಿಯಿಂದ ಬಂದು 1965ರಲ್ಲಿ ಜೂನಿಯರ್ ಎಂಜಿನಿಯರ್ ಆಗಿ ಸೇರಿ, 1999ರಲ್ಲಿ ಸಿಇಒ ಆದವರು. ಅವರು ಮಾಡಿದ ಒಪ್ಪಂದ ನನ್ನ ಪ್ರಕಾರ ಭಾರತದ ಕಂಪನಿ ಚರಿತ್ರೆಯಲ್ಲಿ ತುಂಬಾ ಬುದ್ಧಿವಂತಿಕೆಯ ಒಪ್ಪಂದಗಳಲ್ಲಿ ಒಂದು. ಸಿಮೆಂಟ್ ಬೇಕಾ, ತಗೊಳ್ಳಿ. ಅದನ್ನು ಬೇರೆ ಕಂಪನಿ ಮಾಡಿ ಕೊಡುತ್ತೇವೆ. ಬದಲಿಗೆ ಎಲ್ ಅಂಡ್ ಟಿಯಲ್ಲಿ ನಿಮ್ಮ ಹತ್ತಿರ ಇರುವ ಷೇರನ್ನು ನಮ್ಮ ನೌಕರರ ಟ್ರಸ್ಟ್‌ಗೆ ಮಾರಿ. ಹಾಗೇ ಆಯಿತು. 2004ರಲ್ಲಿ ಸಿಮೆಂಟ್ ವಿಭಾಗ ಬಿರ್ಲಾ ಕಡೆಗೆ ಹೋಗಿ ಅಲ್ಟ್ರಾಟೆಕ್ ಆಯಿತು, ಇವತ್ತು ಅದೇ ದೇಶದ ಅತಿ ದೊಡ್ಡ ಸಿಮೆಂಟ್ ಕಂಪನಿ. ಗ್ರಾಸಿಮ್ ಹಿಡಿದಿದ್ದ ಸುಮಾರು ಶೇ 15ರಷ್ಟು ಷೇರು ನೌಕರರ ಟ್ರಸ್ಟ್‌ಗೆ ಬಂತು. ಸಿಮೆಂಟ್ ಯಂತ್ರ ಕೂರಿಸೋಕೆ ಬಂದ ಇಬ್ಬರು ಹುಟ್ಟುಹಾಕಿದ ಕಂಪನಿ ಸಿಮೆಂಟನ್ನೇ ಕೊಟ್ಟು ತನ್ನನ್ನು ಬಿಡಿಸಿಕೊಂಡಿತು. ಕೊಟ್ಟಿದ್ದು ಸಣ್ಣದಲ್ಲ. ಆದರೂ ಸರಿಯಾದ ಕೆಲಸ ಅಂತಲೇ ನಾನು ಹೇಳುತ್ತೇನೆ. ಹಾಲ್ಕ್-ಲಾರ್ಸನ್ 2003ರಲ್ಲಿ ತೀರಿಕೊಂಡರು, ಈ ಹಗ್ಗಜಗ್ಗಾಟ ಮುಗಿಯುವ ಹೊತ್ತಲ್ಲೇ.

ಅಲ್ಲಿಂದ ಕಂಪನಿಗೆ ಮಾರುವುದು ಕಷ್ಟ ಅನ್ನಿಸಲೇ ಇಲ್ಲ. ಮನೆತನದ ಕಂಪನಿಗಳಲ್ಲಿ ತಾತ ಶುರು ಮಾಡಿದ ಮಿಲ್ಲು ನಷ್ಟದಲ್ಲಿದ್ದರೂ ಮುಚ್ಚೋಕೆ ಮನಸ್ಸು ಬರುವುದಿಲ್ಲ, ಇಲ್ಲವೇ ತಮ್ಮನಿಗೆ ಅಂತ ಒಂದು ವ್ಯಾಪಾರ ಉಳಿಸಿಕೊಳ್ಳಬೇಕು. ಇಲ್ಲಿ ತಾತನೂ ಇಲ್ಲ, ತಮ್ಮನೂ ಇಲ್ಲ. ಜಾನ್ ಡಿಯರ್ ಜೊತೆಗಿನ ಟ್ರ್ಯಾಕ್ಟರ್ ಪಾಲು ಹೋಯಿತು. ರೆಡಿಮಿಕ್ಸ್ ಕಾಂಕ್ರೀಟ್ 2008ರಲ್ಲಿ ಲಫಾರ್ಜ್‌ಗೆ ಹೋಯಿತು. ವೈದ್ಯಕೀಯ ಉಪಕರಣಗಳ ವಿಭಾಗ 2012ರಲ್ಲಿ ಮೈಸೂರಿನ ಸ್ಕ್ಯಾನ್‌ರೇಗೆ. ಒಡಿಶಾದ ಧಾಮ್ರಾ ಬಂದರಿನಲ್ಲಿ ಟಾಟಾ ಸ್ಟೀಲ್ ಜೊತೆ ಇದ್ದ ಪಾಲು, ಆಮೇಲೆ ಚೆನ್ನೈ ಹತ್ತಿರದ ಕಾಟ್ಟುಪಳ್ಳಿ ಬಂದರು, ಎರಡೂ ಅದಾನಿಗೆ. ಮ್ಯೂಚುವಲ್ ಫಂಡ್ ಎಚ್‌ಎಸ್‌ಬಿಸಿಗೆ. ಬೆಂಗಳೂರು ವಿಮಾನ ನಿಲ್ದಾಣ ಶುರುವಾದಾಗ ಎಲ್ ಅಂಡ್ ಟಿ ಅದರಲ್ಲಿ ಶೇ 17ರ ಪಾಲುದಾರ ಆಗಿತ್ತು, ಅದನ್ನೂ ಜಿವಿಕೆಗೆ ಮಾರಿತು.

ಇವುಗಳಲ್ಲಿ ದೊಡ್ಡ ಮಾರಾಟ ಸ್ವಿಚ್‌ಗೇರ್‌ದು, ಅಂದರೆ ವಿದ್ಯುತ್ ಹರಿವನ್ನು ನಿಯಂತ್ರಿಸುವ ಉಪಕರಣಗಳದ್ದು. ಎಲೆಕ್ಟ್ರಿಕಲ್ ಅಂಡ್ ಆಟೊಮೇಷನ್ ವಿಭಾಗವನ್ನು ಫ್ರಾನ್ಸ್‌ನ ಶ್ನೈಡರ್‌ಗೆ 14,000 ಕೋಟಿ ರೂಪಾಯಿಗೆ ಕೊಟ್ಟರು, 2018ರಲ್ಲಿ ಮಾತಾಗಿ 2020ರ ಆಗಸ್ಟ್ ಕೊನೆಗೆ ಮುಗಿಯಿತು. ಎಲೆಕ್ಟ್ರಿಷಿಯನ್‌ಗಳನ್ನು ಕೇಳಿದರೆ ಗೊತ್ತಾಗುತ್ತದೆ, ಪ್ಯಾನೆಲ್ ಬೋರ್ಡಿನ ಕಾಂಟ್ಯಾಕ್ಟರ್, ಸ್ಟಾರ್ಟರ್ ಅಂದರೆ ಎಲ್ ಅಂಡ್ ಟಿ ಹಾಕಿ ಅನ್ನುತ್ತಿದ್ದ ಕಾಲ ಇತ್ತು. ಸಾಮಾನ್ಯ ಜನರಿಗೆ ಈ ಹೆಸರು ಕೈಗೆ ಸಿಗುತ್ತಿದ್ದ ಕೆಲವೇ ವಸ್ತುಗಳಲ್ಲಿ ಅದೊಂದು. ಈ ಮಾರಾಟ ನನಗೆ ಇಷ್ಟವಾಗಲಿಲ್ಲ. ಲಾಭದಲ್ಲಿದ್ದ, ನಂಬಿಕೆ ಗಳಿಸಿದ್ದ, ಸ್ವಂತ ತಯಾರಿಕೆಯ ವ್ಯಾಪಾರ ಅದು. ಜಾಗತಿಕವಾಗಿ ಶ್ನೈಡರ್, ಸೀಮೆನ್ಸ್‌ನಂಥವರ ಎದುರು ನಿಲ್ಲೋಕೆ ಬೇಕಾದ ಗಾತ್ರ ಇಲ್ಲ ಅನ್ನುವ ಲೆಕ್ಕಾಚಾರ ಅರ್ಥವಾಗುತ್ತದೆ. ಆದರೂ ಹೊರಗಿನಿಂದ ಬರುವುದು ನಿಂತಾಗ ಒಳಗೇ ಮಾಡಿಕೊಂಡ ಕಂಪನಿ ಹೀಗೆ ಕೈಬಿಡಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಈಗ ಬೆಂಗಳೂರಿನವರಿಗೆ ಚೆನ್ನಾಗಿ ನೆನಪಿರುವ ವಿಷಯ, ಮೈಂಡ್‌ಟ್ರೀ. 1999ರಲ್ಲಿ ಹತ್ತು ಜನ ಸೇರಿ ಇಲ್ಲಿ ಕಟ್ಟಿದ ಸಾಫ್ಟ್‌ವೇರ್ ಕಂಪನಿ. ಸ್ಥಾಪಕರ ಹತ್ತಿರ ಉಳಿದಿದ್ದ ಷೇರು ಕಮ್ಮಿ, ಅತಿ ದೊಡ್ಡ ಪಾಲು ಕಾಫಿ ಡೇ ಕಟ್ಟಿದ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಮತ್ತು ಅವರ ಕಂಪನಿಗಳದ್ದು, ಶೇ 20ಕ್ಕಿಂತ ಸ್ವಲ್ಪ ಜಾಸ್ತಿ. 2019ರ ಮಾರ್ಚ್‌ನಲ್ಲಿ ಎಲ್ ಅಂಡ್ ಟಿ ಅದನ್ನು ಒಂದು ಷೇರಿಗೆ 980 ರೂಪಾಯಿಯಂತೆ ಸುಮಾರು 3,269 ಕೋಟಿಗೆ ಕೊಳ್ಳೋಕೆ ಒಪ್ಪಂದ ಮಾಡಿಕೊಂಡಿತು. ಸ್ಥಾಪಕರು ಬೇಡ ಅಂತ ಬಹಿರಂಗವಾಗಿ ಹೇಳಿದರು. ಸ್ಥಾಪಕರಲ್ಲೊಬ್ಬರಾದ ಸುಬ್ರೊತೊ ಬಾಗ್ಚಿ ಒಡಿಶಾ ಸರ್ಕಾರದ ಹುದ್ದೆ ಬಿಟ್ಟು ಕಂಪನಿ ಉಳಿಸೋಕೆ ವಾಪಸ್ ಬಂದರು. ಏನೂ ನಡೆಯಲಿಲ್ಲ. ಎಲ್ ಅಂಡ್ ಟಿ ಪೇಟೆಯಿಂದ ಇನ್ನಷ್ಟು ಷೇರು ಕೂಡಿಸಿ, ಉಳಿದ ಷೇರುದಾರರಿಂದಲೂ ಕೊಳ್ಳುತ್ತೇವೆ ಅಂತ ಓಪನ್ ಆಫರ್ ಕೊಟ್ಟು, ಜೂನ್ ಕೊನೆಗೆ ಶೇ 60 ದಾಟಿತು. ಜುಲೈಯಲ್ಲಿ ಸ್ಥಾಪಕರು ಹೊರಟರು. 2022ರ ನವೆಂಬರ್‌ನಲ್ಲಿ ತಮ್ಮದೇ ಸಾಫ್ಟ್‌ವೇರ್ ಕಂಪನಿ ಎಲ್‌ಟಿಐ ಜೊತೆ ಸೇರಿಸಿ ಎಲ್‌ಟಿಐಮೈಂಡ್‌ಟ್ರೀ ಮಾಡಿದರು.

ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿಲ್ಲ. ಷೇರುಪೇಟೆಗೆ ಬಂದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಆದರೆ ಎರಡು ಸಲ ಇದೇ ಭಯ ಅನುಭವಿಸಿದ ಕಂಪನಿ, ಬೇಡ ಅಂತ ನಿಂತವರ ಮನೆಗೆ ಹೀಗೆ ಹೋಗಿದ್ದು ನನಗೆ ಇವತ್ತಿಗೂ ಬೇಜಾರಿನ ವಿಷಯ. ಎಲ್ ಅಂಡ್ ಟಿಯನ್ನು ಸರ್ಕಾರಿ ಸಂಸ್ಥೆಗಳು, ಕೋರ್ಟು, ಕೊನೆಗೆ ನೌಕರರ ಟ್ರಸ್ಟ್ ಕಾಪಾಡಿದವು. ಮೈಂಡ್‌ಟ್ರೀಯಲ್ಲಿ ನೌಕರರು ಇದ್ದರು, ಆದರೆ ಕಂಪನಿ ಕಾಪಾಡುವಷ್ಟು ಪಾಲು ಹಿಡಿದ ಟ್ರಸ್ಟ್ ಇರಲಿಲ್ಲ. ಹೊಸ ಕಂಪನಿ ಕಟ್ಟುವವರು ಇದನ್ನು ಗಮನಿಸಬೇಕು.

ಸಾಫ್ಟ್‌ವೇರ್ ಯಾಕೆ ಇವರಿಗೆ ಅಷ್ಟು ಬೇಕಿತ್ತು ಅನ್ನುವುದಕ್ಕೆ ಉತ್ತರ ಗುತ್ತಿಗೆ ಕೆಲಸದ ಲೆಕ್ಕದಲ್ಲಿದೆ. ಸಮೂಹದ ಆದಾಯದಲ್ಲಿ ದೊಡ್ಡ ಭಾಗ ನಿರ್ಮಾಣ ಕೆಲಸ. ದೆಹಲಿಯ ಕಮಲ ಮಂದಿರ, ನರ್ಮದೆ ದಂಡೆಯ 182 ಮೀಟರ್ ಎತ್ತರದ ಪಟೇಲರ ಪ್ರತಿಮೆ, ಅಹಮದಾಬಾದಿನ 1.32 ಲಕ್ಷ ಜನ ಕೂರುವ ಕ್ರೀಡಾಂಗಣ, ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್, ಎಲ್ಲ ಇವರೇ ಕಟ್ಟಿದ್ದು. ನಮ್ಮ ಮೆಟ್ರೊ ಸುರಂಗದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದಲ್ಲಿ ಗೋಡೆ ಒಡೆದು ಹೊರಬಂದ 'ಊರ್ಜಾ' ಅನ್ನುವ ಸುರಂಗ ಕೊರೆಯುವ ಯಂತ್ರದ ಕೆಲಸವೂ ಇವರದ್ದೇ. ಮುಂಬೈ-ಅಹಮದಾಬಾದ್ ಬುಲೆಟ್ ರೈಲಿನ 237 ಕಿಲೋಮೀಟರ್‌ನ ಒಂದೇ ಗುತ್ತಿಗೆ 24,985 ಕೋಟಿಯದ್ದು. ಹೆಸರು ದೊಡ್ಡದು, ಉಳಿಯುವುದು ಮಾತ್ರ ಸ್ವಲ್ಪ. ಸಾಫ್ಟ್‌ವೇರ್, ಹಣಕಾಸು ಎಲ್ಲ ಸೇರಿಸಿಯೂ ನೂರು ರೂಪಾಯಿ ಆದಾಯಕ್ಕೆ ಆರು ರೂಪಾಯಿ ಲಾಭ. ಕೆಲಸ ಹಿಡಿಯುವಾಗ ಬೆಲೆ ನಿಗದಿಯಾಗಿರುತ್ತದೆ, ಮುಗಿಯುವುದು ನಾಲ್ಕೈದು ವರ್ಷದ ಮೇಲೆ, ನಡುವೆ ಉಕ್ಕಿನ ಬೆಲೆ ಏರಬಹುದು, ಜಮೀನು ಸಿಗದೇ ಇರಬಹುದು, ಬಿಲ್ಲು ಪಾಸಾಗೋದು ತಡವಾಗಬಹುದು. ಕೆಲಸ ಮುಗಿದ ಮೇಲೂ ಒಂದಷ್ಟು ಹಣವನ್ನು ಮಾಡಿಸಿಕೊಂಡವರು ಹಿಡಿದಿಟ್ಟಿರುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಈ ತಾಪತ್ರಯ ಇಲ್ಲ, ದುಡ್ಡು ಹೊತ್ತಿಗೆ ಸರಿಯಾಗಿ ಬರುತ್ತದೆ. ಎಲ್ ಅಂಡ್ ಟಿ ಫೈನಾನ್ಸ್ ಕೂಡ ಹಾಗೇ. ಬೈಕು, ಟ್ರ್ಯಾಕ್ಟರ್, ಹಳ್ಳಿ ಹೆಂಗಸರ ಗುಂಪು ಸಾಲ ಕೊಡುವ ಅದೇ ಕಂಪನಿ. ಆ ಸಾಲದ ಶಾಖೆಗೂ ಜಲಾಂತರ್ಗಾಮಿ ಮಾಡುವ ಕಾರ್ಖಾನೆಗೂ ಒಂದೇ ಹೆಸರು ಅನ್ನುವುದು ಸಾಲ ತಗೊಂಡ ಎಷ್ಟೋ ಜನರಿಗೆ ಗೊತ್ತಿರಲಾರದು.

ಕಟ್ಟಿಕೊಡುವುದು ಬೇರೆ, ಕಟ್ಟಿ ಇಟ್ಟುಕೊಂಡು ನಡೆಸುವುದು ಬೇರೆ. ಹೈದರಾಬಾದ್ ಮೆಟ್ರೊದಲ್ಲಿ ಇವರು ಎರಡನೆಯದನ್ನು ಮಾಡಿದರು. ಸುಮಾರು 69 ಕಿಲೋಮೀಟರ್, 2017ರ ನವೆಂಬರ್‌ನಲ್ಲಿ ಶುರು. ಟಿಕೆಟ್ ದುಡ್ಡಿನ ಜೊತೆಗೆ ನಿಲ್ದಾಣಗಳ ಸುತ್ತ ಮಾಲ್, ಆಫೀಸು ಕಟ್ಟಿ ಬಾಡಿಗೆಯಿಂದ ಹಣ ಬರುತ್ತದೆ ಅನ್ನುವ ಅಂದಾಜು ನಿಜವಾಗಲಿಲ್ಲ, ಮೇಲೆ ಕೊರೊನಾ ಬಂತು, ಸಾಲದ ಬಡ್ಡಿ ಮಾತ್ರ ಏರುತ್ತಾ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣ ಸರ್ಕಾರವೇ ಅದನ್ನು ವಹಿಸಿಕೊಳ್ಳಲು ತಾತ್ವಿಕವಾಗಿ ಒಪ್ಪಿತು. ಮೆಟ್ರೊ ಜನರಿಗೆ ಒಳ್ಳೆಯದೇ ಆಯಿತು, ಕಟ್ಟಿದ ಗುಣಮಟ್ಟದ ಬಗ್ಗೆಯೂ ನನ್ನ ತಕರಾರಿಲ್ಲ. ಆದರೆ ಊರಿನ ಸಾರಿಗೆಯನ್ನು ಖಾಸಗಿ ಕಂಪನಿಯ ಲಾಭದ ಲೆಕ್ಕದ ಮೇಲೆ ನಿಲ್ಲಿಸಬಾರದು ಅಂತ ಇದನ್ನು ನೋಡಿದ ಮೇಲೆ ಖಾತ್ರಿಯಾಯಿತು.

ಇನ್ನು ಈ ಕಟ್ಟಡಗಳನ್ನೆಲ್ಲ ಎತ್ತುವ ಕೈಗಳು. 2023ರ ಅಕ್ಟೋಬರ್‌ನಿಂದ ಅಧ್ಯಕ್ಷರಾಗಿರುವ ಎಸ್.ಎನ್. ಸುಬ್ರಹ್ಮಣ್ಯನ್ 2025ರ ಜನವರಿಯಲ್ಲಿ ವಾರಕ್ಕೆ 90 ಗಂಟೆ ಕೆಲಸದ ಮಾತಾಡಿ ದೇಶವೆಲ್ಲ ಬೈಸಿಕೊಂಡರು. ಆ ಮಾತು ನನಗೂ ಹಿಡಿಸಲಿಲ್ಲ. ಆದರೆ ಮುಂದಿನ ತಿಂಗಳು ಅವರು ಹೇಳಿದ ಇನ್ನೊಂದು ಮಾತಿನ ಬಗ್ಗೆ ಯಾರೂ ಅಷ್ಟು ಚರ್ಚೆ ಮಾಡಲಿಲ್ಲ. ಕಂಪನಿಗೆ ಒಂದು ಹೊತ್ತಿಗೆ 4 ಲಕ್ಷ ಕಾರ್ಮಿಕರು ಬೇಕು, ಬಿಟ್ಟು ಹೋಗುವವರು ಎಷ್ಟಿದ್ದಾರೆ ಅಂದರೆ ಅದಕ್ಕಾಗಿ ವರ್ಷಕ್ಕೆ 16 ಲಕ್ಷ ಜನರನ್ನು ಸೇರಿಸಿಕೊಳ್ಳಬೇಕಾಗುತ್ತದೆ ಅಂತ. ಸರ್ಕಾರದ ಯೋಜನೆಗಳಿಂದ ಜನ ಊರು ಬಿಟ್ಟು ಬರುತ್ತಿಲ್ಲ ಅನ್ನುವುದು ಅವರ ವಿವರಣೆ. ನನಗೆ ಹಾಗೆ ಕಾಣುವುದಿಲ್ಲ. ನಾಲ್ಕು ಜನ ಬಂದು ಮೂವರು ವಾಪಸ್ ಹೋಗುವ ಕೆಲಸದಲ್ಲಿ ಮೊದಲು ನೋಡಬೇಕಾದದ್ದು ಕೂಲಿ, ಇರೋಕೆ ಕೊಟ್ಟ ಶೆಡ್ಡು, ಮನೆಗೆ ಹೋಗಿ ಬರೋಕೆ ಕೊಡುವ ರಜೆ. ಇವರಲ್ಲಿ ಹೆಚ್ಚಿನವರು ಉಪಗುತ್ತಿಗೆದಾರರ ಮೂಲಕ ಬಂದವರು, ಕಂಪನಿಯ ನೌಕರರ ಲೆಕ್ಕದಲ್ಲಿ ಇರುವವರಲ್ಲ. ಆ ಶೇ 14ರ ಟ್ರಸ್ಟಿನಲ್ಲೂ ಇವರಿಗೆ ಜಾಗ ಇಲ್ಲ. ನೌಕರರೇ ಮಾಲೀಕರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುವ ಕಂಪನಿ ಈ ಜಾಗದಲ್ಲಿ ಇನ್ನೂ ಬಹಳ ಮಾಡಬೇಕಿದೆ.

ರಕ್ಷಣಾ ವಿಭಾಗದ ಬಗ್ಗೆ ಎರಡು ಮಾತು. ದಕ್ಷಿಣ ಕೊರಿಯಾದ ಹನ್ವಾ ತಂತ್ರಜ್ಞಾನದಲ್ಲಿ ಹಜೀರಾದಲ್ಲಿ ಮಾಡಿದ ಕೆ9 ವಜ್ರ ಫಿರಂಗಿಗಳು, ಮೊದಲ ನೂರು 2021ರ ಫೆಬ್ರವರಿಗೆ ಸೇನೆಗೆ ಸೇರಿದವು. ಮರುಭೂಮಿಗೆ ಅಂತ ಕೊಂಡದ್ದು, ಆಮೇಲೆ ಲಡಾಖ್‌ಗೂ ಹತ್ತಿಸಿದರು. 2024ರ ಡಿಸೆಂಬರ್‌ನಲ್ಲಿ ಇನ್ನಷ್ಟು ಫಿರಂಗಿಗಳಿಗೆ 7,629 ಕೋಟಿಯ ಆರ್ಡರ್ ಬಂತು. ಎಚ್‌ಎಎಲ್ ಜೊತೆ ಸೇರಿ ಇಸ್ರೊದ ಐದು ಪಿಎಸ್‌ಎಲ್‌ವಿ ರಾಕೆಟ್‌ಗಳನ್ನು ಪೂರ್ತಿಯಾಗಿ ತಯಾರಿಸಿಕೊಡುವ ಒಪ್ಪಂದ 2022ರಲ್ಲಿ ಆಗಿದೆ.

ಬೆಂಗಳೂರಿನಲ್ಲಿ ಈ ಸಮೂಹ ಬದಲಾಗುವುದನ್ನು ಕಣ್ಣಾರೆ ನೋಡಬೇಕಾದರೆ ಬ್ಯಾಟರಾಯನಪುರಕ್ಕೆ ಹೋಗಬೇಕು. ಮಣ್ಣು ಅಗೆಯುವ ಯಂತ್ರಗಳು ತಯಾರಾಗುತ್ತಿದ್ದ ಕಾರ್ಖಾನೆಯ ಕಡೆ ಈಗ ಎಲ್ ಅಂಡ್ ಟಿ ರಿಯಾಲ್ಟಿಯ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ಟೆಕ್ ಪಾರ್ಕ್ ಇದೆ. ಯಂತ್ರಗಳು ದೊಡ್ಡಬಳ್ಳಾಪುರದ ಕಡೆ ಹೋದವು. ಇದರ ಜೊತೆಗೆ 2023ರಲ್ಲಿ ಶುರು ಮಾಡಿದ ಚಿಪ್ ಕಂಪನಿಯನ್ನೂ ಬೆಂಗಳೂರಿನಿಂದಲೇ ನಡೆಸುತ್ತಿದ್ದಾರೆ. ಇದು ಚಿಪ್ ವಿನ್ಯಾಸ ಮಾತ್ರ ಮಾಡುತ್ತದೆ, ತಯಾರಿಕೆ ಹೊರಗಿನವರ ಫ್ಯಾಬ್, ಅಂದರೆ ಚಿಪ್ ಕಾರ್ಖಾನೆಯಲ್ಲಿ. 2024ರಲ್ಲಿ ಇಲ್ಲಿನದೇ ಸಿಲಿಕಾಂಚ್ ಅನ್ನುವ ವಿನ್ಯಾಸ ಕಂಪನಿಯನ್ನು ಕೊಂಡರು.

ಸದ್ಯಕ್ಕೆ ನನ್ನ ಕುತೂಹಲ ಪೂರ್ತಿ ಆ ಚಿಪ್ ಕಂಪನಿಯ ಮೇಲಿದೆ. ಚಿಪ್ ವಿನ್ಯಾಸದಲ್ಲಿ ಹಾಕಿದ ದುಡ್ಡು ವಾಪಸ್ ಬರೋಕೆ ವರ್ಷಗಟ್ಟಲೆ ಬೇಕು, ಮೊದಲೆರಡು ಚಿಪ್ ಯಾರೂ ಕೊಳ್ಳದೇ ಇರಬಹುದು. ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವ ಷೇರುದಾರರು ಅಷ್ಟು ಕಾಯುತ್ತಾರಾ? ಮನೆತನ ಇದ್ದಿದ್ದರೆ ಹಟಕ್ಕಾದರೂ ಹತ್ತು ವರ್ಷ ಹಿಡಿದುಕೊಂಡಿರುತ್ತಿತ್ತು. ಇಲ್ಲಿ ಹಟ ಹಿಡಿಯಬೇಕಾದವರು ಆಡಳಿತ ಮಂಡಳಿಯವರು ಮತ್ತು ಆ ನೌಕರರ ಟ್ರಸ್ಟ್. ಸ್ವಿಚ್‌ಗೇರ್ ಮಾರಿದ ಹಾಗೆ ಇದನ್ನೂ ಬೇಗ ಮಾರದಿರಲಿ ಅಂತ ನನ್ನ ಆಸೆ. ಮುಂದಿನ ವಾರ್ಷಿಕ ವರದಿ ಬಂದಾಗ ನಾನು ಮೊದಲು ತೆಗೆದು ನೋಡುವುದು ಆ ಒಂದು ಕಂಪನಿಯ ಸಾಲನ್ನೇ, ಅಲ್ಲಿ ಎಷ್ಟು ದುಡ್ಡು ಹಾಕಿದರು, ಎಷ್ಟು ಜನ ಎಂಜಿನಿಯರುಗಳನ್ನು ತಗೊಂಡರು ಅಂತ.